ಗಂಗೋತ್ರಿಯ ರೊಟ್ಟಿ ಡಬ್ಬಿ

"ರೊಟ್ಟಿ ಬ್ಯಾಡ್ರಿ. ಅಕ್ಕಿ ಇದ್ರ ಕೊಡ್ರಿ."

ಲಾರಿಯ ಮೇಲಿಂದ ಬಂದ ಮಾತಿಗೆ ಗಂಗೋತ್ರಿಯ ಮೈಯೆಲ್ಲ ಉರಿಯಿತು. ಗಡಿಯಲ್ಲಿ ಶೆಲ್ ಬಿದ್ದು ಊರು ಬಿಟ್ಟ ಜನರಿಗೆಂದು ಕಂಪ್ಲಿಯ ಅವಳ ಓಣಿಯ ಹೆಂಗಸರು ಮೂರು ದಿನ ತಟ್ಟಿದ ಖಡಕ್ ರೊಟ್ಟಿ ಅದು. ಬೇಡ ಎನ್ನಲು ಇವನ್ಯಾರು?

ಇವನು ಜಂಬುನಾಥ್, ರೈಸ್ ಮಿಲ್ಲಿನ ಮ್ಯಾನೇಜರು. ಲಾರಿಯ ಜೊತೆ ಜಮ್ಮುವಿನ ಶಿಬಿರಕ್ಕೆ ಹೊರಟವನು.

"ಉಟ್ಟ ಬಟ್ಟಿ ಮ್ಯಾಲ ಬಂದೋರು ಅಕ್ಕಿ ಎದರಾಗ ಬೇಯಿಸ್ತಾರ್ರಿ?"

ಅವನು ರೊಟ್ಟಿಯ ಡಬ್ಬಿ ಎತ್ತಿಕೊಂಡ.

"ಡಬ್ಬಿ ನಮ್ಮಜ್ಜಿದು. ಹೊಳ್ಳಿ ತರಬೇಕು."

"ನಂಬರ್ ಕೊಡ್ರಿ. ಮುಟ್ಟಿದ ಮ್ಯಾಲ ಹೇಳ್ತೀನಿ."

ಮುಟ್ಟುವವರೆಗೂ ಕಾಯಲಿಲ್ಲ, ಪುಣ್ಯಾತ್ಮ. ರೊಟ್ಟಿಯ ಕ್ಷೇಮ ಹೇಳಲು ಶುರುವಾದ ಫೋನು ನಾಗಪುರ ದಾಟುವಷ್ಟರಲ್ಲಿ 'ಊಟ ಆತೇನ್ರಿ' ಎಂಬಲ್ಲಿಗೆ ಬಂದಿತ್ತು. ಗಂಗೋತ್ರಿ ಫೋನನ್ನು ಅಡುಗೆಮನೆಗೂ ಒಯ್ಯತೊಡಗಿದಳು.

ಆರನೆಯ ದಿನ ಶಿಬಿರದಿಂದ ಫೋನು...

"ಇಲ್ಲಿ ಮಂದಿ ನಿಮ್ಮ ರೊಟ್ಟಿನ ತಾಟು ಅಂದ್ಕೊಂಡಾರ್ರಿ. ಅದರ ಮ್ಯಾಲ ಅನ್ನ ಉಂಡು, ತೊಳಿಯಾಕ ನಳದ ಕಡೆ ಹೊಂಟಾರ!"

ಅವನು ಬಿದ್ದು ಬಿದ್ದು ನಕ್ಕ. ಅವಳಿಗೆ ಇಡೀ ಓಣಿಯನ್ನೇ ನೋಡಿ ನಕ್ಕಂತಾಯಿತು.

'ನನ್ನ ರೊಟ್ಟಿಗೆ ನಗೋ ಗಂಡಸಿನ ಸಹವಾಸ ಬೇಡವೇ ಬೇಡ...'

ಮತ್ತೆ ಅವನ ಫೋನು ಎತ್ತಲಿಲ್ಲ. ಇದೇ ಸಮಯವೆಂದು ಅವ್ವ ದ್ಯಾಮಕ್ಕ, ಸಂಡೂರಿನ ಗಂಡು ಶುಕ್ರವಾರ ನೋಡಲು ಬರಬಹುದೇ ಎಂದು ಕೇಳಿದಳು. ಗಂಗೋತ್ರಿ ಸಿಟ್ಟಿನಲ್ಲಿ 'ಆಗಲಿ' ಎಂದುಬಿಟ್ಟಳು. ಹಿತ್ತಲಿಗೆ ಹೋಗಿ ಅತ್ತಳು.

ಗುರುವಾರ ಬೆಳಿಗ್ಗೆ ಬಾಗಿಲಲ್ಲಿ ಜಂಬುನಾಥ್! ಕೈಯಲ್ಲಿ ಅಜ್ಜಿಯ ಡಬ್ಬಿ. ತೆಗೆದುಕೊಂಡರೆ ಭಾರ.

ಒಳಗೆ ಅಖರೋಟು.

"ಒಬ್ಬಾಕಿ ಅಜ್ಜಿ ತಾಟು ಮುರಿದು ತಿಂದು ನೋಡಿದ್ಳು. ಆಮ್ಯಾಲ ಒಂದೂ ಉಳೀಲಿಲ್ಲ. ನಾ ಹೊಂಟಾಗ ಡಬ್ಬಿ ಕಸ್ಕೊಂಡ್ಳು. ಖಾಲಿ ಡಬ್ಬಿ ಹೊಳ್ಳಿ ಕೊಡಬಾರ್ದಂತ, ಅವರಲ್ಲೂ. ಮನಿ ಬಿಡೋವಾಗ ಗಂಟು ಕಟ್ಟಿ ತಂದಿದ್ದು ಇವಷ್ಟ ಅಂತ."

ಗಂಗೋತ್ರಿಯ ಕಣ್ಣು ತುಂಬಿತು. ಮುಖ ಮರೆಸಲು ಒಂದು ಅಖರೋಟನ್ನು ಹೊಸ್ತಿಲಿಗೆ ಕುಟ್ಟಿದಳು. ಒಡೆಯಲಿಲ್ಲ.

"ನಿಮ್ಮ ರೊಟ್ಟಿಲೆ ಬಡೀರಿ."

ಅಳುತ್ತಲೇ ನಕ್ಕುಬಿಟ್ಟಳು.

"ಅವತ್ತು ನಕ್ಕಿದ್ದು ತಪ್ಪಾತ್ರಿ," ಎಂದ ಅವನು, ಮೆಲ್ಲಗೆ. "ಬರೋವಾಗ ನಿಮ್ಮ ಫೋನ್ ಇಲ್ದ ಅದ ದಾರಿ ಭಾಳ ಉದ್ದ ಆತು. ನೀವಿಲ್ದ ನನಗ ಆಗಂಗಿಲ್ಲ."

"ನಾಳೆ ಸಂಡೂರಿನವ್ರು ನನ್ನ ನೋಡಾಕ ಬರ್ತಾರ. ಏನ್ ಹೇಳ್ಲಿ?"

ಅವನ ಮುಖ ಬಿಳಿಚಿತು. ಆದರೂ ಬಾಗಿಲು ಬಿಟ್ಟು ಕದಲಲಿಲ್ಲ.

"ರೊಟ್ಟಿ ಖಾಲಿ ಆಗ್ಯಾವ, ಬರಬ್ಯಾಡ್ರಿ ಅನ್ರಿ."

"ಆಮ್ಯಾಲ?"

"ಡಬ್ಬಿ ಮತ್ತ ತುಂಬ್ರಿ. ಶಿಬಿರದ ಅಜ್ಜಿ ಕೇಳ್ಯಾಳ. ಈ ಸಲ ಇಬ್ರೂ ಹೋಗೂಣು."

ಗಂಗೋತ್ರಿ ಡಬ್ಬಿಯನ್ನು ಎದೆಗವಚಿಕೊಂಡಳು.

"ಲಾರ್ಯಾಗ ಕಿಟಕಿ ಸೀಟು ನಂದು."