ಬ್ರೂಮ್‌ಹಿಲ್ ಸುರಂಗದ ಕೊನೆಯ ಕಿಂಡಿ

ಇಪ್ಪತ್ತೆರಡು ವರ್ಷಗಳ ಮೇಲೆ ಆಂಬ್ರೋಸ್ ನನ್ನೆದುರು ಬಂದು ನಿಂತಾಗ ನಾನು ಮೊಣಕಾಲುದ್ದ ಕೆಸರಿನಲ್ಲಿದ್ದೆ. ಕೈಯಲ್ಲಿ ಸಲಿಕೆ, ಮೂಗಿನ ಮೇಲೆ ರಾಡಿ. ಹಳೆಯ ಪ್ರಿಯಕರ ಸಿಗುವುದೇ ಇಂಥ ಹೊತ್ತಿನಲ್ಲಿ.

"ದಪ್ಪ ಆಗಿದೀಯ ಥಿರ್ಜಾ," ಅಂದ.

"ನೀನು ಕಡ್ಡಿ ಆಗಿದೀಯ. ಅಲ್ಲಿಗಲ್ಲಿಗೆ ಸರಿ ಹೋಯ್ತು ಬಿಡು."

ನಗಲು ಹೋದವನಿಗೆ ಕೆಮ್ಮು ಬಂತು. ಸುರಂಗದ ಬಾಯಿಯ ಇಟ್ಟಿಗೆಗೆ ಕೈಯಾನಿಸಿ, ಬಗ್ಗಿ, ಒಳಗಿನದೆಲ್ಲ ಕಿತ್ತು ಬರುವಂತೆ ಕೆಮ್ಮಿದ. ಇಲ್ಲಿಂದ ಹೋದವನು ಕಲ್ಲಿದ್ದಲ ಗಣಿ ಸೇರಿದ್ದನಂತೆ. ಧೂಳು ಅವನ ಎದೆಯಲ್ಲಿ ಮನೆ ಮಾಡಿದೆ ಎಂದು ಕೇಳುವ ಮೊದಲೇ ತಿಳಿಯಿತು. ನಮ್ಮ ಕಡೆ ಆ ಕೆಮ್ಮು ಯಾರಿಗೆ ಗೊತ್ತಿಲ್ಲ?

ಕಣ್ಣು ಮಾತ್ರ ಅದೇ. ಬಾಯಿ ಸುಮ್ಮನಿದ್ದಾಗಲೂ ತಮಾಷೆ ಮಾಡುವ ಬೂದು ಕಣ್ಣು. ಅವು ನನ್ನ ಮೂಗಿನಿಂದ ಹೊರಟು ಬೂಟಿನ ತನಕ ಇಳಿದು, ಅವಸರವಿಲ್ಲದೆ ಮತ್ತೆ ಹತ್ತಿ ಬಂದು, ನನ್ನ ಕಣ್ಣಲ್ಲಿ ನಿಂತವು. ನಲವತ್ತರ ಹೆಂಗಸು ನಾನು, ಕಿವಿ ಬಿಸಿಯಾಯಿತು.

"ಯಾಕೆ ಬಂದೆ?"

"ಪ್ಯೂ ಮೇಷ್ಟ್ರು ಕಾಗದ ಬರೆದಿದ್ರು. ಗೋಡೆ ತುಳಿಯೋರು ಬೇಕು, ನಮ್ಮ ಹತ್ರ ಒಬ್ಬಳೇ ಇರೋದು ಅಂತ. ಆ ಒಬ್ಬಳು ಯಾರು ಅಂತ ಬರೆದಿರ್ಲಿಲ್ಲ."

"ಬರೆದಿದ್ರೆ?"

"ಶೇವ್ ಮಾಡ್ಕೊಂಡು ಬರ್ತಿದ್ದೆ."

ಬ್ರೂಮ್‌ಹಿಲ್ ಬೆಟ್ಟದ ಹೊಟ್ಟೆಯೊಳಗೆ ಕಾಲುವೆ ಹರಿಯುತ್ತದೆ. ನಮ್ಮಜ್ಜನ ಅಜ್ಜಂದಿರು ಸುಣ್ಣಕಲ್ಲಿಗಾಗಿ ತೋಡಿದ ಸುರಂಗಗಳು. ಒಂದು ಗುಹೆ, ಒಂದು ಕವಲು, ಮತ್ತೆ ಸುರಂಗ. ದೋಣಿ ಹಿಡಿಯುವಷ್ಟೇ ಅಗಲ, ಅದನ್ನು ಎಳೆಯುವ ಕುದುರೆಗೆ ಜಾಗವಿಲ್ಲ. ಹಾಗಾಗಿ ಕುದುರೆಯನ್ನು ಬಿಚ್ಚಿ ಹೆಂಗಸರು ಬೆಟ್ಟದ ಮೇಲಿನಿಂದ ನಡೆಸಿಕೊಂಡು ಹೋಗಬೇಕು. ಕೆಳಗೆ ಇಬ್ಬರು ಗಂಡಸರು ದೋಣಿಗೆ ಅಡ್ಡ ಹಾಕಿದ ಹಲಗೆಯ ಮೇಲೆ ತಲೆಗೆ ತಲೆ ತಾಗಿಸಿ ಅಂಗಾತ ಮಲಗಿ, ಎರಡೂ ಬದಿಯ ಗೋಡೆಯನ್ನು ತುಳಿಯುತ್ತ ದೋಣಿಯನ್ನು ಮುಂದಕ್ಕೆ ನೂಕಬೇಕು. ಹೆಣ್ಣು ಮೇಲೆ, ಗಂಡು ಕೆಳಗೆ, ನಡುವೆ ಬೆಟ್ಟ. ನಮ್ಮ ದೋಣಿಯವರ ಪ್ರೀತಿಯೆಲ್ಲ ಹೀಗೇ ನಡೆದದ್ದು.

ರೈಲು ಬಂತು, ಲಾರಿ ಬಂತು, ಸುರಂಗ ಯಾರಿಗೂ ಬೇಡವಾಯಿತು. ಬಾಯಿಗೆ ಇಟ್ಟಿಗೆ ಕಟ್ಟಿ ಮುಚ್ಚುವುದು ಅಂತಲೂ ತೀರ್ಮಾನವಾಗಿತ್ತು. ಪ್ಯೂ ಮೇಷ್ಟ್ರು ಬಿಡಲಿಲ್ಲ. ಮೂರು ವರ್ಷ, ಪ್ರತಿ ಭಾನುವಾರ, ಊರವರೆಲ್ಲ ಸೇರಿ ಹೂಳೆತ್ತಿದೆವು. ಬರುವ ಶನಿವಾರ ಹಳೆಯ ಪದ್ಧತಿಯಲ್ಲೇ ಮೊದಲ ದೋಣಿ ಹೋಗಬೇಕಿತ್ತು. ಅಣ್ಣ ಸತ್ತ ಮೇಲೆ ಗಂಡು ದಿಕ್ಕಿಲ್ಲದ ದೋಣಿಯಲ್ಲಿ ಗೋಡೆ ತುಳಿಯುವುದನ್ನು ನಾನೂ ಕಲಿತಿದ್ದೆ.

ಅಣ್ಣ ಸತ್ತದ್ದು ನನ್ನಿಂದ. ಅದನ್ನು ಮುಚ್ಚಿಟ್ಟು ಕತೆ ಹೇಳುವುದು ನನ್ನಿಂದಾಗದು.

ಒಂದು ನಿಯಮವಿತ್ತು. ಕುದುರೆ ಹೊಡೆದುಕೊಂಡು ಹೋದವಳು ಆಚೆಯ ಬಾಯಿಯಲ್ಲಿ ದೀಪ ತೂಗುಹಾಕಬೇಕು. ದೀಪ ಕಂಡರೆ ಆ ಕಡೆಯಿಂದ ಯಾರೂ ದೋಣಿ ಒಳಗೆ ಬಿಡುವುದಿಲ್ಲ. ಆಮೇಲೆ ಇನ್ನೂರು ಹೆಜ್ಜೆ ಹಿಂದಕ್ಕೆ ಬಂದು, ಬೆಟ್ಟದ ಮೇಲಿನ ಕೊನೆಯ ಗಾಳಿಕಿಂಡಿಯಲ್ಲಿ ಬಗ್ಗಿ "ದೀಪ ಇದೆ" ಎಂದು ಕೂಗಬೇಕು. ಆ ಕೂಗು ಕೇಳುವ ತನಕ ಕೆಳಗಿನವರು ಕಿಂಡಿಯಡಿಯ ಗುಹೆಯಲ್ಲೇ ಕಾಯುತ್ತಾರೆ.

ಐವತ್ತೊಂದನೆಯ ಇಸವಿಯ ಆ ಸಂಜೆ ನನಗೆ ಹದಿನೆಂಟು. ಕೆಳಗೆ ಅಣ್ಣ ಜೋಬ್, ಅವನ ಜೊತೆ ಆಂಬ್ರೋಸ್. ಆಂಬ್ರೋಸ್ ಹೊರಗೆ ಬರುವಷ್ಟರಲ್ಲಿ ನಾನು ಮುಖ ತೊಳೆದು ತಲೆ ಬಾಚಿಕೊಳ್ಳಬೇಕಿತ್ತು. ಕಿಂಡಿ ಹೇಗೂ ದಾರಿಯಲ್ಲೇ ಇದೆಯಲ್ಲ, ಹೋಗಿ ಮತ್ತೆ ಬರುವುದೇಕೆ ಎಂದು ಮೊದಲೇ ಕೂಗಿಬಿಟ್ಟೆ, ದೀಪ ಇದೆ ಅಂತ. ಹೋಗಿ ಹಾಕಿದರಾಯಿತು ಎಂದುಕೊಂಡೆ. ನಾನು ಬಾಚಣಿಗೆ ಹಿಡಿದು ನಿಂತಿದ್ದಾಗಲೇ ಕಬ್ಬಿಣ ತುಂಬಿದ ದೋಣಿಯೊಂದು ಆ ಕಡೆಯಿಂದ ಒಳಗೆ ಹೋಯಿತು. ಡಿಕ್ಕಿಗೆ ಇಬ್ಬರೂ ನೀರಿಗೆ ಬಿದ್ದರು, ಆಂಬ್ರೋಸ್ ಮಾತ್ರ ಈಜಿ ಹೊರಬಂದ. ಅಣ್ಣನ ಹೆಣ ಸಿಕ್ಕಿದ್ದು ಮಾರನೆಯ ದಿನ.

ವಿಚಾರಣೆಯಲ್ಲಿ ಆಂಬ್ರೋಸ್ ಹೇಳಿದ್ದು ಇಷ್ಟೇ. "ಕೂಗು ಕೇಳೋಕೆ ಮುಂಚೇನೇ ನಾನು ದೋಣಿ ಬಿಡಿಸ್ದೆ." ಅಮ್ಮನ ಪಕ್ಕದಲ್ಲಿ ಕೂತಿದ್ದ ನಾನು ಬಾಯಿ ಬಿಡಲಿಲ್ಲ. ಅಮ್ಮ ಎಲ್ಲರೆದುರು ಅವನಿಗೆ ಶಾಪ ಹಾಕಿದಳು. ಅವನು ಊರು ಬಿಟ್ಟ.

ಶನಿವಾರ ಬೆಳಿಗ್ಗೆ ಹಲಗೆಯ ಮೇಲೆ ಮಲಗಿದೆವು. ಅವನ ತಲೆ ನನ್ನ ತಲೆಗೆ ತಾಗಿತು.

"ನಿನ್ನ ಕೂದ್ಲು ಕಚಗುಳಿ ಇಡ್ತಿದೆ."

"ನಿಂಗೆ ಕೂದ್ಲೇ ಇಲ್ಲ. ನಂಗೆ ಆ ಕಷ್ಟ ಇಲ್ಲ ನೋಡು."

"ನೆತ್ತಿ ಒಂದೇ ಕಣೇ ಬೋಳು. ಸುತ್ತಾ ಬೆಳೆ ಚೆನ್ನಾಗಿದೆ."

ಕತ್ತಲೆ ನಮ್ಮನ್ನು ಒಳಗೆ ಎಳೆದುಕೊಂಡಿತು. ಒಟ್ಟಿಗೆ ತುಳಿಯಬೇಕು. ಒಬ್ಬರು ತಪ್ಪಿದರೆ ದೋಣಿ ವಾಲುತ್ತದೆ. ನಾವು ತಪ್ಪಲಿಲ್ಲ. ಕಣ್ಣಿಗೆ ಏನೂ ಕಾಣದಿದ್ದರೂ ಅವನ ಸೊಂಟ ತಿರುಗುವುದು, ಉಸಿರು ಕಟ್ಟುವುದು, ಎಲ್ಲ ಹಲಗೆಯ ಮೂಲಕ ನನಗೆ ತಿಳಿಯುತ್ತಿತ್ತು. ಹುಡುಗಿಯಾಗಿದ್ದಾಗ ಅವನ ಇಷ್ಟು ಹತ್ತಿರ ಮಲಗುವುದನ್ನು ಎಷ್ಟು ಬಯಸಿದ್ದೆ ಎಂದು ನೆನಪಾಗಿ ನಾಚಿಕೆಯೂ ಸಂಕಟವೂ ಒಟ್ಟಿಗೇ ಆದವು.

ಗುಹೆ ಬರುವಷ್ಟರಲ್ಲಿ ಅವನಿಗೆ ಉಸಿರೇ ಇರಲಿಲ್ಲ. ದೋಣಿ ನಿಲ್ಲಿಸಿದೆವು. ಮೇಲೆ ಕೊನೆಯ ಕಿಂಡಿ, ಕಾಸಿನಗಲದ ಬೆಳಕು.

"ಮದ್ವೆ ಆಗ್ಲಿಲ್ವಾ?" ಕೇಳಿದೆ.

"ಇಲ್ಲ."

"ಯಾರೂ ಸಿಗ್ಲಿಲ್ಲ ಅನ್ನು."

"ಸಿಕ್ಕಿದ್ಲು ಒಬ್ಳು. ಕೋಳಿ ಸಾಕ್ತಿದ್ಲು. ತುಂಬಾ ಒಳ್ಳೆಯವಳು."

"ಮತ್ತೇನಾಯ್ತು?"

"ಅವಳು ನೀನಲ್ವಲ್ಲ."

ನನಗೆ ಅಳು ತಡೆಯಲಾಗಲಿಲ್ಲ. "ಅವತ್ತು ನಾನು ಕೂಗಿದ್ದೆ, ಆಂಬ್ರೋಸ್. ದೀಪ ಹಾಕಿರ್ಲಿಲ್ಲ."

"ಗೊತ್ತು. ಕೇಳಿಸ್ಕೊಂಡವನು ನಾನೇ ಅಲ್ವಾ?"

"ಯಾಕೆ ಸುಳ್ಳು ಹೇಳ್ದೆ?"

"ನಿಮ್ಮಮ್ಮಂಗೆ ಇದ್ದಿದ್ದು ಇಬ್ರೇ ಮಕ್ಕಳು. ಒಂದೇ ವಾರದಲ್ಲಿ ಇಬ್ರೂ ಹೋಗೋದು ಬೇಡ ಅನ್ಸ್ತು." ಸ್ವಲ್ಪ ಹೊತ್ತು ಅವನ ಎದೆ ಗೊರಗುಟ್ಟಿತು. "ಆಮೇಲೆ ನೀನು ಕಾಗದ ಬರೀತೀಯ ಅಂತ ಕಾದೆ."

"ಎಷ್ಟು ದಿನ?"

"ಮೇಷ್ಟ್ರ ಕಾಗದ ಬರೋ ತನಕ."

ನನ್ನ ಹೇಡಿತನಕ್ಕೆ ಅಷ್ಟು ಉದ್ದದ ಲೆಕ್ಕವಿದೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಅಮ್ಮನಿಗೆ ಇವತ್ತೇ ಹೇಳುತ್ತೇನೆ ಅಂದೆ.

"ಬೇಡ. ಆ ಮುದುಕಿಗೆ ಎಂಬತ್ತು ವರ್ಷ. ಬೈಯೋಕೆ ನಾನಿದೀನಿ, ಅನ್ನ ಹಾಕೋಕೆ ನೀನಿದೀಯ. ಯಾಕೆ ಎರಡನ್ನೂ ಕಿತ್ಕೋತೀಯ? ಡಾಕ್ಟ್ರು ನಂಗೆ ಇನ್ನೆರಡು ಚಳಿಗಾಲ ಅಂದಿದಾರೆ. ಈ ಮಾತೂ ನನ್ನ ಜೊತೇಲೇ ಹೋಗ್ಲಿ ಬಿಡು."

ಅವನ ಮಾತಿಗೆ ನಾನು ಒಪ್ಪಿಬಿಟ್ಟೆ. ಸುಳ್ಳೇಕೆ ಹೇಳಲಿ, ಒಪ್ಪಿದಾಗ ಮನಸ್ಸಿಗೆ ಹಾಯೆನಿಸಿತು. ಮೇಲಿನಿಂದ "ದೀಪ ಇದೆ" ಎಂಬ ಕೂಗು ಬಂದ ಮೇಲೆ ಮತ್ತೆ ಗೋಡೆ ತುಳಿಯತೊಡಗಿದೆವು.

ಆಚೆಯ ಬಾಯಿಯಲ್ಲಿ ಊರೇ ನೆರೆದಿತ್ತು. ವಾದ್ಯದವರು, ಕಾಗದದ ಬಾವುಟ, ಬಟಾಣಿಯ ಪಾತ್ರೆಯಿಂದ ಏಳುವ ಹಬೆ. ಎಲ್ಲರಿಗಿಂತ ಮುಂದೆ ಗಾಲಿಕುರ್ಚಿಯಲ್ಲಿ ಅಮ್ಮ. ದೋಣಿಯವರಲ್ಲಿ ಹಿರಿಯಳೆಂದು ಮೇಷ್ಟ್ರು ಅವಳ ಕೈಯಿಂದಲೇ ದೀಪ ಹಾಕಿಸಿದ್ದರು. ನಾನು ಮೊದಲು ಎದ್ದೆ, ಚಪ್ಪಾಳೆ ಬಿತ್ತು. ಆಂಬ್ರೋಸ್ ಎದ್ದ. ಅಮ್ಮ ಕಣ್ಣು ಕಿರಿದು ಮಾಡಿ ನೋಡಿದಳು.

"ಇವ್ನನ್ನ ಯಾರು ಕರ್ಸಿದ್ದು?"

ಮೇಷ್ಟ್ರು ಏನೋ ಹೇಳಲು ಬಗ್ಗಿದರು. ಅಮ್ಮ ಅವರ ಕೈ ತಳ್ಳಿದಳು.

"ನನ್ನ ಮಗನ್ನ ನುಂಗಿದ ನೀರಲ್ಲಿ ಮತ್ತೆ ಮೆರೀತಾ ಬಂದಿದೀಯ? ಇನ್ನೂ ಸತ್ತಿಲ್ವೇನೋ ನೀನು?"

ವಾದ್ಯ ನಿಂತಿತು. ಆಂಬ್ರೋಸ್ ಟೋಪಿ ತೆಗೆದು ತಲೆ ತಗ್ಗಿಸಿದ. ಕೆಮ್ಮು ಒತ್ತಿ ಬರುತ್ತಿತ್ತು. ಅವಳೆದುರು ಕೆಮ್ಮಬಾರದೆಂದು ತುಟಿ ಕಚ್ಚಿ ನಿಂತಿದ್ದ. ಅದನ್ನು ನೋಡಲು ನನ್ನಿಂದ ಆಗಲಿಲ್ಲ.

"ಅಮ್ಮ, ಅವನಲ್ಲ. ನಾನು. ದೀಪ ಹಾಕದೇನೇ ದೀಪ ಇದೆ ಅಂತ ಕೂಗ್ದೆ. ಇವ್ನು ನನ್ನ ಮಾತು ನಂಬಿ ದೋಣಿ ಬಿಡಿಸ್ದ."

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಅಮ್ಮನಿಗೆ ಏಳುವ ಶಕ್ತಿ ಇರಲಿಲ್ಲ.

"ದೀಪ ಬಿಟ್ಟು ಏನ್ಮಾಡ್ತಿದ್ದೆ?" ಎಂದಳು, ಬಹಳ ಮೆಲ್ಲಗೆ.

"ತಲೆ ಬಾಚ್ಕೋತಿದ್ದೆ."

ಅಮ್ಮ ನನ್ನನ್ನು ಬಹಳ ಹೊತ್ತು ನೋಡಿದಳು. ಇಪ್ಪತ್ತೆರಡು ವರ್ಷ ಅವಳಿಗೆ ಅನ್ನ ಹಾಕಿದ್ದೆ, ಕಾಲು ಒತ್ತಿದ್ದೆ, ಜೋಬ್ ಎಂದು ಅಳುವಾಗ ಬೆನ್ನು ಸವರಿದ್ದೆ. ಅದೆಲ್ಲ ಅವಳ ಮುಖದಿಂದ ಒಂದೊಂದಾಗಿ ಅಳಿಸಿಹೋಯಿತು. ಆಮೇಲೆ ಅವಳು ಆಂಬ್ರೋಸನ ಕಡೆ ತಿರುಗಿದಳು.

"ಬಾ ಇಲ್ಲಿ. ನನ್ನನ್ನ ಮನೆಗೆ ತಳ್ಕೊಂಡು ಹೋಗು."

ಅವನು ನನ್ನತ್ತ ನೋಡಿದ.

"ಅವಳನ್ನ ಯಾಕೆ ನೋಡ್ತೀಯಪ್ಪಾ? ನಾನು ಕರೆದಿದ್ದು ನಿನ್ನ."

"ಹೋಗು," ಅಂದೆ.

ಅವನು ಕುರ್ಚಿ ತಳ್ಳಿಕೊಂಡು ದಂಡೆಯ ಮೇಲೆ ಹೋದ. ನಾನು ದೂರದಲ್ಲಿ ಹಿಂದೆ ಹಿಂದೆ ನಡೆದೆ. ಯಾರೂ ನನ್ನನ್ನು ಮಾತಾಡಿಸಲಿಲ್ಲ. ಮನೆಯ ಬಾಗಿಲು ಅವರಿಬ್ಬರ ಹಿಂದೆ ಮುಚ್ಚಿಕೊಂಡಿತು. ನಾನು ಹೊಸ್ತಿಲಾಚೆಯ ಕಲ್ಲಿನ ಮೇಲೆ ಕೂತೆ. ಬಾಗಿಲು ತಟ್ಟಲು ಧೈರ್ಯವಾಗಲಿಲ್ಲ.

ಒಂದು ಗಂಟೆಯ ಮೇಲೆ ಆಂಬ್ರೋಸ್ ಚಹಾದ ಲೋಟ ಹಿಡಿದು ಹೊರಗೆ ಬಂದ.

"ಅಮ್ಮ ಕೊಟ್ಟು ಕಳ್ಸಿದ್ಲಾ?"

"ಇಲ್ಲ. ನಂಗೆ ಕೊಟ್ಟಿದ್ದು. ಅರ್ಧ ಉಳಿಸ್ಕೊಂಡು ಬಂದೆ."

ತಣ್ಣಗಾಗಿದ್ದ ಚಹಾ ಕುಡಿದೆ. ಅವನು ಪಕ್ಕದಲ್ಲಿ ಕೂತ.

"ಏನಂದ್ಲು?"

"ಅವಳ ಬಟ್ಟೆಬರೆ ತಗೊಂಡು ಹೋಗೋಕೆ ಹೇಳು ಅಂದ್ರು. ಅಕ್ಕಪಕ್ಕದವರು ನನ್ನ ನೋಡ್ಕೋತಾರೆ ಅಂದ್ರು." ಅವನ ಭುಜ ನನ್ನ ಭುಜಕ್ಕೆ ತಾಗಿತು. "ಬೇಡ ಅಂದಿದ್ದೆ ನಾನು."

"ಅಂದಿದ್ದೆ."

"ಯಾಕೆ ಹೇಳ್ದೆ ಮತ್ತೆ?"

"ನಿನ್ನ ಮೇಲೆ ಆಸೆ ಕಣೋ. ಅವತ್ತೂ ಇತ್ತು, ಇವತ್ತೂ ಇದೆ. ನೀನು ಅಲ್ಲಿ ತಲೆ ತಗ್ಗಿಸಿ ನಿಂತಿದ್ದು ನೋಡೋಕಾಗ್ಲಿಲ್ಲ."

ಅವನು ಕೆಮ್ಮಿದ, ಕೈವಸ್ತ್ರ ನೋಡಿ ಮಡಿಸಿ ಜೇಬಿಗೆ ಹಾಕಿದ.

"ನನ್ನನ್ನೂ ನಿನ್ನ ಜೊತೆ ಕರ್ಕೊಂಡು ಹೋಗು," ಅಂದೆ.

"ಎರಡೇ ಚಳಿಗಾಲ ಅಂದ್ನಲ್ಲೇ."

"ಇಪ್ಪತ್ತೆರಡನ್ನ ಹಾಳು ಮಾಡ್ದೋಳು ನಾನು. ಈ ಎರಡನ್ನಾದ್ರೂ ನಂಗೆ ಕೊಡು."

"ಸ್ಟೇಷನ್ ಹತ್ರ ಒಂದೇ ಒಂದು ರೂಮು. ಮೇಲಿನ ಮಹಡಿ. ಹದಿನಾಲ್ಕು ಮೆಟ್ಟಿಲು, ಹತ್ತೋಷ್ಟರಲ್ಲಿ ಮಧ್ಯೆ ಎರಡು ಸಲ ಕೂತ್ಕೋತೀನಿ."

"ನಾನೂ ಕೂತ್ಕೋತೀನಿ," ಅಂದೆ.