ಗಾಜಿನ ಕೆಳಗೊಂದು ಗುಳ್ಳೆ

ಕರಿಕಲ್ಲಿನ ಮೇಲೆ ರಬ್ಬರ್ ಹಾಳೆ ಅರ್ಧ ಕೂತಿತ್ತು. ಇನ್ನರ್ಧ ಅವಳ ಎಡಗೈಯಲ್ಲಿ ನೇತಾಡುತ್ತಿತ್ತು. ಆಗಲೇ ಫೋನು ಬಡಿದುಕೊಂಡಿತು. ಅವಳು ತೆಗೆಯಲಿಲ್ಲ. ಹಾಳೆಯನ್ನು ನಡುವೆ ಬಿಟ್ಟರೆ ಸುಕ್ಕು ಬೀಳುತ್ತದೆ, ಸುಕ್ಕಿನೊಳಗೆ ಮರಳು ನುಗ್ಗುತ್ತದೆ, ಸತ್ತವರ ಹೆಸರಿಗೆ ಇಲ್ಲದ ಕೊಂಬು ಮೂಡುತ್ತದೆ.

ಅವಳ ಕೆಲಸವೇ ಅದು. ಸಮಾಧಿಗೆ ಹೋಗುವ ಕಲ್ಲಿನ ಹೊಳಪು ಕೆಡದ ಹಾಗೆ ಮೈತುಂಬ ಹಾಳೆ ಅಂಟಿಸಿ, ಅಕ್ಷರಗಳಷ್ಟು ಜಾಗವನ್ನು ಮಾತ್ರ ಬ್ಲೇಡಿನಿಂದ ಬಿಡಿಸಿ ತೆಗೆಯಬೇಕು. ಆಮೇಲೆ ಪರದೆಯ ಆಚೆ, ಗಾಳಿಯ ಒತ್ತಡದಲ್ಲಿ ಮರಳು ಉಗುಳುವ ಗನ್ ಹಿಡಿದವನು ಅದನ್ನು ಕಲ್ಲಿನ ಮೇಲೆ ಬೀಸುತ್ತಾನೆ. ಹಾಳೆ ಇದ್ದ ಕಡೆ ಕಲ್ಲು ಉಳಿಯುತ್ತದೆ, ಇಲ್ಲದ ಕಡೆ ಕೊರೆದು ಹೆಸರು ಮೂಡುತ್ತದೆ.

“ಯಾರದ್ದೇ ಫೋನು?” ಎದುರು ಮೇಜಿನ ಗೊಣಗಮ್ಮ ತಲೆಯೆತ್ತದೆಯೇ ಕೇಳಿದಳು. ಹುಟ್ಟಿದಾಗಿನಿಂದ ಗೊಣಗುತ್ತಲೇ ಬಂದವಳಾದ್ದರಿಂದ ಅವಳಿಗೆ ಬೇರೆ ಹೆಸರು ಉಳಿದಿರಲಿಲ್ಲ.

“ಯಾರದ್ದೋ.”

“ಯಾರದ್ದೋ ಆದ್ರೆ ಕಿವಿ ಯಾಕೆ ಕೆಂಪಾಗುತ್ತೆ? ಮೂರು ತಿಂಗಳಲ್ಲಿ ನಾಲ್ಕು ಸ್ಕ್ರೀನ್ ಗಾರ್ಡ್ ಹಾಕಿಸಿದ್ದೀಯ. ನಿನಗೆ ಬೇಕಾಗಿರೋದು ಗಾಜಾ, ಅಂಟಿಸೋನಾ?”

ಬೇರೆ ದಿನವಾಗಿದ್ದರೆ ಅವಳು ನಗುತ್ತಿದ್ದಳು. ಹಾಳೆಯ ಕೊನೆಯ ಅಂಚನ್ನು ಒತ್ತಿ, ಕೈ ಒರೆಸಿಕೊಂಡು ಫೋನು ನೋಡಿದಳು. ‘ಗುಳ್ಳೆರಾಯ.’ ಒಂಬತ್ತು ದಿನದ ಮೇಲೆ.

ಮೊದಲ ಗಾಜು ಹಾಕಿಸಿಕೊಂಡಾಗ ಅವಳು ಅವನ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ. ಎರಡನೇ ಸಲ ಜಗಳಕ್ಕೆಂದೇ ಹೋಗಿದ್ದಳು. ದೊಡ್ಡ ಕಟ್ಟಡವೊಂದರ ಮೆಟ್ಟಿಲ ಕೆಳಗೆ, ಬಾಗಿಲಿನಷ್ಟೇ ಅಗಲದ ಅಂಗಡಿ. ಒಂದು ಸ್ಟೂಲು, ಒಂದು ದೀಪ, ಗೋಡೆ ತುಂಬ ಫೋನಿನ ಕವರುಗಳು.

“ಏನ್ರೀ, ನೀವು ಹಾಕಿದ್ದು ಗಾಜೋ ಕಾಗದವೋ? ಇನ್ನೂ ತಿಂಗಳಾಗಿಲ್ಲ, ಮಂಜು ಕವಿದ ಹಾಗಿದೆ.”

ಅವನು ವಾದಿಸಲಿಲ್ಲ. ಫೋನನ್ನು ದೀಪಕ್ಕೆ ಓರೆಯಾಗಿ ಹಿಡಿದ. ಉಗುರಿನಿಂದ ಸವರಿದ. ಆಮೇಲೆ ಅವಳ ಕೈ ನೋಡಿದ, ಮುಖ ನೋಡಿದ, ಮತ್ತೆ ಕೈ ನೋಡಿದ. ನಲವತ್ತು ದಾಟಿದ ಹೆಂಗಸಿನ ಕೈಯನ್ನು ಯಾರೂ ಹಾಗೆ ಎರಡು ಸಲ ನೋಡುವುದಿಲ್ಲ. ಅವಳು ಕೈ ಹಿಂದಕ್ಕೆಳೆದುಕೊಂಡಳು.

“ಕಲ್ಲಿನ ಕೆಲಸಾನಾ?”

“ಯಾರು ಹೇಳಿದ್ರು?”

“ಗೀರು ಹೇಳ್ತಿದೆ. ಕೀಲಿಕೈ ಇದನ್ನ ಗೀರಲ್ಲ, ಚಾಕೂ ಗೀರಲ್ಲ. ಇದಕ್ಕಿಂತ ಗಟ್ಟಿ ಅಂದ್ರೆ ಮರಳಿನ ಧೂಳು. ಅದು ಮೇಲೆ ಕೂತಿರುತ್ತೆ, ನೀವು ಬಟ್ಟೆಗೆ ತಿಕ್ಕಿ ಒರೆಸ್ತೀರಿ. ಒರೆಸಿದಷ್ಟು ಸಲ ಗೀರು.”

“ಬಹಳ ತಿಳ್ಕೊಂಡಿದ್ದೀರಿ.”

“ಹನ್ನೊಂದು ವರ್ಷ ಗನ್ ಹಿಡಿದಿದ್ದೆ ಮೇಡಂ. ಕೆಮ್ಮು ಹಿಡೀತು, ಬಿಟ್ಟೆ. ಈಗ ಬೇರೆಯವರ ಗಾಜು ಕಾಯ್ತೀನಿ.”

ಜಗಳ ಅಲ್ಲಿಗೇ ಸತ್ತುಹೋಯಿತು. ಹೊಸ ಗಾಜು ಹಾಕಿಸಿಕೊಂಡು ಬಂದಳು. ಮುಂದಿನ ತಿಂಗಳು ಗಾಜು ಇನ್ನೂ ಚೆನ್ನಾಗಿರುವಾಗಲೇ ಹೋದಳು.

ಆ ಸಲ ತಾನೇ ಅಂಟಿಸುತ್ತೇನೆಂದು ಹಟ ಮಾಡಿದಳು. “ಏಳಡಿ ಕಲ್ಲಿಗೆ ಹಾಳೆ ಹಾಕೋಳು ನಾನು. ಇದು ಅಂಗೈ ಅಗಲ ಇದೆ.”

ಅವನು ಎದ್ದು ಸ್ಟೂಲು ಬಿಟ್ಟುಕೊಟ್ಟ. ಪಕ್ಕದಲ್ಲಿ ನಿಂತು, ಮಗುವಿಗೆ ಅಕ್ಷರ ತಿದ್ದಿಸುವವನ ಹಾಗೆ ಮೆಲ್ಲಗೆ ಹೇಳಿದ: “ಇಳಿಸೋವಾಗ ಉಸಿರು ಹಿಡೀರಿ. ಉಸಿರು ತಾಗಿದ್ರೆ ತೇವ ಕೂರುತ್ತೆ, ಗುಳ್ಳೆ ಏಳುತ್ತೆ.”

ಅವಳು ಉಸಿರು ಹಿಡಿದಳು. ಅವನೂ ಹಿಡಿದ. ಆ ಕಿರಿದಾದ ಜಾಗದಲ್ಲಿ ಇಬ್ಬರೂ ಉಸಿರಾಡದೆ ಇದ್ದ ಗಳಿಗೆಯಲ್ಲಿ, ಗಾಜು ತಾನಾಗಿ ಇಳಿದು ಕೂತಿತು. ಒಂದು ಗುಳ್ಳೆಯಿಲ್ಲ.

“ಅಯ್ಯಯ್ಯೋ, ನನ್ನ ಹೊಟ್ಟೆ ಮೇಲೆ ಹೊಡೀಬೇಡ್ರಿ ತಾಯಿ! ಈ ಬೀದೀಲಿ ನನ್ನನ್ನ ಗುಳ್ಳೆರಾಯ ಅಂತಾನೇ ಕರೆಯೋದು.”

“ಗುಳ್ಳೆ ಬಿಡದವರಿಗೆ ಗುಳ್ಳೆರಾಯ ಅಂತ ಯಾಕೆ?”

“ದಪ್ಪಗಿರೋನ್ನ ಕಡ್ಡಿ ಅನ್ನಲ್ವಾ, ಹಾಗೆ.”

ಅವನ ಫೋನು ಪಕ್ಕದಲ್ಲೇ ಬಿದ್ದಿತ್ತು. ಅದಕ್ಕೆ ಕವರಿಲ್ಲ, ಗಾರ್ಡಿಲ್ಲ, ಮೈಯೆಲ್ಲ ಗೀರು. “ದೀಪದ ಬುಡದಲ್ಲೇ ಕತ್ತಲೆ,” ಎಂದಳು.

“ಬೆರಳಿಗೆ ಸಿಗಬೇಕಾದ ವಸ್ತು ಅದು. ಮುಚ್ಚಿಟ್ಟು ಏನು ಮಾಡೋದು? ಗೀರು ಬಿದ್ರೆ ಬೀಳಲಿ.”

“ಹಾಗಾದ್ರೆ ನಮಗೆಲ್ಲ ಯಾಕೆ ಹಾಕ್ತೀರಿ?”

“ನಿಮ್ಮದು ಹಾಳಾದ್ರೆ ನನಗೆ ಸಂಕಟ. ನನ್ನದು ಹಾಳಾದ್ರೆ ಯಾರಿಗೆ?”

ತಮಾಷೆಗೇ ಹೇಳಿದ್ದ. ಆದರೆ ಆ ಮಾತು ಅವಳ ಜೊತೆ ಮನೆಯವರೆಗೂ ನಡೆದುಕೊಂಡು ಬಂತು.

ಕಲ್ಲಿನ ಧೂಳು ಅವಳ ಎದೆಗೂ ಇಳಿದಿರಬಹುದೆಂದು ಹೆದರಿ, ಅವನು ಅವಳ ಬೆನ್ನು ಹತ್ತಿ ಎಕ್ಸ್‌ರೇ ತೆಗೆಸಿದ. ಅವಳದು ಸ್ವಚ್ಛವಾಗಿತ್ತು. ಆದರೂ ಬಿಡಲಿಲ್ಲ. ಅವನ ಕಾಟ ತಡೆಯಲಾರದೆ ಅವಳು ಯಜಮಾನನನ್ನು ಕೇಳಿ ತನ್ನ ಮೇಜನ್ನು ಗನ್ನಿನ ಪರದೆಯಿಂದ ದೂರ, ಹೊರಬಾಗಿಲ ಹತ್ತಿರ ಹಾಕಿಸಿಕೊಂಡಳು. ಒಬ್ಬ ಗಂಡಸು ತನ್ನ ಉಸಿರಿನ ಲೆಕ್ಕ ಇಡುತ್ತಿದ್ದಾನೆ ಎನ್ನುವುದು ಅವಳಿಗೆ ವಿಚಿತ್ರವಾಗಿತ್ತು, ಹಿತವಾಗಿತ್ತು. ಗಂಡ ಸತ್ತು ಆರು ವರ್ಷ. ಅದಕ್ಕೂ ಮೊದಲು ಹದಿನಾಲ್ಕು ತಿಂಗಳು ಅವನು ಹಾಸಿಗೆ ಹಿಡಿದಿದ್ದ. ಆಗೆಲ್ಲ ಉಸಿರು ಎಣಿಸುತ್ತಿದ್ದವಳು ಅವಳು.

ಒಂದು ಸಂಜೆ ದೀಪ ಒರೆಸುತ್ತ ಅವನು ಕೇಳಿದ್ದ: “ನಮ್ಮಲ್ಲಿ ಕೆಲಸಕ್ಕೆ ಸೇರ್ತೀರಾ? ಸಂಬಳ ಇಲ್ಲ. ರಜಾನೂ ಇಲ್ಲ. ಜೀವನ ಪೂರ್ತಿ ಕೆಲಸ.”

“ಅರ್ಜಿ ಹಾಕಬೇಕಾ?”

“ಹಾಕಿದವನು ನಾನು. ನೀವು ಉತ್ತರ ಬರೀಬೇಕು, ಅಷ್ಟೇ.”

“ಅತ್ತೆ ಹತ್ರ ಮಾತಾಡಬೇಕು,” ಎಂದು ಎದ್ದು ಬಂದಿದ್ದಳು. ದಾರಿಯುದ್ದಕ್ಕೂ ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದಿದ್ದಳು.

ಅತ್ತೆಗೆ ಹೇಳುವ ಮೊದಲೇ, ಉತ್ತರ ಹೇಳಲೆಂದು ಹೋದ ದಿನ ಅಂಗಡಿಯಲ್ಲಿ ಗಿರಾಕಿ ಇದ್ದಳು, ಯಾರೋ ಟೀಚರ್. ಅವನು ಗಾಜನ್ನು ಎರಡು ಬೆರಳಲ್ಲಿ ಹಿಡಿದು ಇಳಿಸುತ್ತಿದ್ದ. ಉಸಿರು ಹಿಡಿದಿದ್ದ. ಇನ್ನೊಂದು ಕೂದಲೆಳೆಯಷ್ಟು ಇಳಿಯಬೇಕು ಅನ್ನುವಾಗ ಅವನ ಭುಜ ಅದುರಿತು. ಉಸಿರು ಒಡೆದುಕೊಂಡು ಹೊರಬಂತು, ಅದರ ಹಿಂದೆಯೇ ಕೆಮ್ಮು. ನಿಲ್ಲದ ಕೆಮ್ಮು. ಅವನು ಮೇಜಿಗೆ ಹಣೆ ಆನಿಸಿ ಕೂತುಬಿಟ್ಟ.

ಗಾಜಿನ ನಡುವೆ ಕಡಲೆಕಾಳಿನಷ್ಟು ಗುಳ್ಳೆ ಎದ್ದಿತ್ತು.

“ಪರವಾಗಿಲ್ಲ ಬಿಡಿ, ಕಾಣಲ್ಲ,” ಎಂದಳು ಟೀಚರ್, ಅವನ ಮುಖ ನೋಡಿ ಹೆದರಿ. ಅವನು ಒಪ್ಪಲಿಲ್ಲ. ಗಾಜು ಕಿತ್ತ, ಹೊಸದು ತೆಗೆದ, ಅಂಚು ಹೊಂದಿಸಲಾಗದೆ ಮತ್ತೆ ಮತ್ತೆ ಎತ್ತಿದ. ಕೊನೆಗೆ ಇವಳೇ ಅವನನ್ನು ಪಕ್ಕಕ್ಕೆ ಸರಿಸಿ ಹಾಕಿಕೊಟ್ಟಳು.

ಟೀಚರ್ ಹೋದ ಮೇಲೆ ಅವನು ಮೇಜಿನ ಹಿಂದಿನಿಂದ ದೊಡ್ಡ ಲಕೋಟೆ ತೆಗೆದು, ಎಕ್ಸ್‌ರೇ ಹಾಳೆಯನ್ನು ಅದೇ ದೀಪಕ್ಕೆ ಹಿಡಿದ. ಎರಡೂ ಕಡೆ ಬಿಳಿ ಚುಕ್ಕಿಗಳು, ಯಾರೋ ಹಿಡಿ ಮರಳು ಎರಚಿದ ಹಾಗೆ.

“ಸೋಮವಾರ ಬಂತು ರಿಪೋರ್ಟು. ಎರಡು ವರ್ಷ ಅಂತಾರೆ, ಮೂರು ಅಂತಾರೆ. ಹೇಳೋಕಾಗಲ್ಲ ಅಂತಾನೂ ಅಂತಾರೆ. ಕೇಳಿದಾಗ ನನಗೆ ಇಷ್ಟು ಗೊತ್ತಿರಲಿಲ್ಲ. ಗೊತ್ತಿದ್ರೆ ಕೇಳ್ತಿರಲಿಲ್ಲ.” ಹಾಳೆಯನ್ನು ಲಕೋಟೆಗೆ ಸೇರಿಸಿದ. “ಆ ಮಾತು ವಾಪಸ್ ತಗೊಂಡಿದ್ದೀನಿ. ಇನ್ಮೇಲೆ ಇಲ್ಲಿಗೆ ಬರಬೇಡಿ.”

“ಗಾಜು ಹಾಳಾದ್ರೆ?”

“ಬೇರೆ ಅಂಗಡಿ ಇವೆ. ನಿಮಗೆ ಇನ್ನೊಂದು ಸಲ ಹಾಸಿಗೆ ಕಾಯೋ ಕೆಲಸ ಕೊಡಲ್ಲ ನಾನು. ದಯವಿಟ್ಟು ಹೋಗಿ.”

ಮನೆಯಲ್ಲಿ ಅತ್ತೆಗೆ ಎಲ್ಲ ಹೇಳಿದಳು. ಮಗ ಸತ್ತ ಮೇಲೂ ಸೊಸೆಯ ಜೊತೆಯಲ್ಲೇ ಉಳಿದ ಮುದುಕಿ. ಸೊಸೆ ಕೊಡಿಸಿದ ಫೋನಿನ ಮೇಲೆ ಕಂಪನಿಯಿಂದ ಬಂದ ತೆಳು ಪ್ಲಾಸ್ಟಿಕ್ಕನ್ನೇ ಇನ್ನೂ ತೆಗೆದಿರಲಿಲ್ಲ. ಅದರ ಮೇಲಿನ ಬರಹ ಅಡ್ಡ ಬಂದು ನಂಬರ್ ಕಾಣದೆ, ತಂಗಿಗೆ ಮಾಡುವ ಫೋನು ದಿನಾ ಯಾರಿಗೋ ಹೋಗುತ್ತಿತ್ತು. ತೆಗೆಯಿರಿ ಎಂದರೆ, ಹೊಸತನ ಹೋಗುತ್ತೆ ಎನ್ನುತ್ತಿದ್ದಳು.

ಅತ್ತೆ ಎಲ್ಲ ಕೇಳಿಸಿಕೊಂಡು ಹೇಳಿದಳು:

“ಹಗಲು ಕಂಡ ಬಾವಿಗೆ ಇರುಳು ಬೀಳೋರನ್ನ ನೋಡಿದ್ದೀನಿ. ನೀನು ಹಗಲೇ ಬೀಳ್ತೀನಿ ಅಂತೀಯ?”

“ಬೀಳ್ತೀನಿ ಅಂದ್ನಾ ಅತ್ತೆ? ಆಗಿದ್ದು ಹೇಳ್ದೆ.”

“ನನ್ನ ಮಗನ ಬೆನ್ನಿನ ಹುಣ್ಣು ತೊಳೆದವಳು ನೀನು. ಹೆತ್ತವಳು ನಾನು, ನನ್ನ ಕೈಲಿ ಆಗಲಿಲ್ಲ, ಹೊರಗೆ ಹೋಗಿ ನಿಂತ್ಕೋತಿದ್ದೆ. ಒಬ್ಬಳಿಗೆ ಒಂದು ಜನ್ಮಕ್ಕೆ ಅಷ್ಟು ಸಾಕಮ್ಮ.” ಅತ್ತೆ ಒಳಗೆ ಹೊರಟು, ಬಾಗಿಲಲ್ಲಿ ತಿರುಗಿದಳು. “ಸಾಕು. ಅಷ್ಟೇ ನಾನು ಹೇಳೋದು.”

ಅದು ಬೈಗುಳವಾಗಿದ್ದರೆ ಎದುರು ಮಾತಾಡಬಹುದಿತ್ತು. ಪ್ರೀತಿಗೆ ಎದುರಾಡುವುದು ಹೇಗೆ? ಅವಳು ಒಂಬತ್ತು ದಿನ ಅವನ ಅಂಗಡಿಯ ಬೀದಿಯನ್ನು ಬಿಟ್ಟು, ಸುತ್ತುದಾರಿಯಲ್ಲಿ ಕೆಲಸಕ್ಕೆ ಬಂದಳು. ಹತ್ತು ಹೆಸರು ಬಿಡಿಸಿದಳು. ಒಂದರಲ್ಲೂ ಕೈ ತಪ್ಪಲಿಲ್ಲ. ತಾನೂ ಕಲ್ಲಾಗುತ್ತಿದ್ದೇನೋ ಎಂದು ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು.

ಈಗ, ಫೋನಿನಲ್ಲಿ ಗುಳ್ಳೆರಾಯನ ಹೆಸರು ಕಂಡ ಮೇಲೆ, ಅವಳು ಕೆಲಸದ ಮೇಜು ಬಿಟ್ಟು ಹೊರಬಾಗಿಲಿಗೆ ಬಂದು ಅವನ ನಂಬರ್ ಒತ್ತಿದಳು.

“ಒಬ್ಬ ಗಿರಾಕಿಯ ಫೋನು ನನ್ನ ಹತ್ರ ಉಳ್ಕೊಂಡಿದೆ,” ಎಂದ. ಮಾತಿನ ನಡುನಡುವೆ ನಿಲ್ಲುತ್ತಿದ್ದ. “ನನ್ನ ಕೈಲಿ ಗಾಜು ಕೂರ್ತಿಲ್ಲ. ನಾಳೆ ಬೆಳಿಗ್ಗೆ ಆಸ್ಪತ್ರೇಲಿ ಉಸಿರಿನ ಟೆಸ್ಟು. ನೀವೊಮ್ಮೆ... ಅಂಗಡಿ ಕೀಲಿ ಮೇಲಿನ ಮನೆಯವರ ಹತ್ರ ಇಟ್ಟಿರ್ತೀನಿ.”

“ಗಿರಾಕಿಗೆ ಅಷ್ಟು ಅವಸರಾನಾ?”

ಅವನು ಒಮ್ಮೆ ಕೆಮ್ಮಿದ. ಆಮೇಲೆ, “ಗಿರಾಕಿ ಇಲ್ಲ,” ಎಂದ. “ನಿಮ್ಮ ದನಿ ಕೇಳಬೇಕಿತ್ತು.”

ಮರುದಿನ ಬೆಳಿಗ್ಗೆ ಆಸ್ಪತ್ರೆಯ ಉದ್ದನೆಯ ಬೆಂಚಿನ ಮೇಲೆ ಅವಳು ಅವನಿಗಿಂತ ಮೊದಲೇ ಕೂತಿದ್ದಳು. ಅವನು ಗೋಡೆ ಹಿಡಿದುಕೊಂಡು ಬಂದ, ಅವಳನ್ನು ಕಂಡು ನಿಂತ.

“ಬರಬಾರದಿತ್ತು ನೀವು.”

“ಬಂದಾಯ್ತಲ್ಲ. ಕೂತ್ಕೊಳ್ಳಿ.”

ಒಳಗೆ ಕರೆದರು. ಬಾಗಿಲ ಆಚೆಯಿಂದ ನರ್ಸಿನ ಕೂಗು ಕೇಳುತ್ತಿತ್ತು: ಇನ್ನೂ, ಇನ್ನೂ, ಬಿಡಬೇಡಿ, ಇನ್ನೂ. ಅವಳು ಕಣ್ಣು ಮುಚ್ಚಿಕೊಂಡಳು. ಹೊರಗೆ ಬಂದಾಗ ಅವನ ತುಟಿ ನೀಲಿಯಾಗಿತ್ತು. ಹಿಂದೆಯೇ ಬಂದ ನರ್ಸು ಕಾಗದ ನೋಡುತ್ತ ಹೇಳಿದಳು:

“ಸ್ವಲ್ಪ ದಿನದಲ್ಲೇ ಮನೇಲಿ ಆಕ್ಸಿಜನ್ ಮೆಷಿನ್ ಬೇಕಾಗುತ್ತೆ. ಹಾಸಿಗೆ ಪಕ್ಕದಲ್ಲಿ ಪ್ಲಗ್ ಪಾಯಿಂಟ್ ಇರಬೇಕು, ಹತ್ರ ಕಿಟಕಿ ಇದ್ರೆ ಒಳ್ಳೇದು. ಜೊತೆಗೆ ಯಾರಾದ್ರೂ ಇದ್ದಾರಾ?”

“ಅಂಗಡಿ ಹಿಂದೆ ಮಲಗ್ತೀನಿ. ಕಿಟಕಿ ಇಲ್ಲ. ಯಾರೂ ಇಲ್ಲ,” ಎಂದ ಅವನು.

ನರ್ಸು ಇವಳನ್ನೊಮ್ಮೆ ನೋಡಿ ಮುಂದೆ ಹೋದಳು.

ಇಬ್ಬರೂ ಬೆಂಚಿನ ಮೇಲೆ ಕೂತರು. ನಡುವೆ ಅವನ ಲಕೋಟೆ. ಉಸಿರು ಹದಕ್ಕೆ ಬರುವವರೆಗೆ ಅವನು ನೆಲ ನೋಡುತ್ತಿದ್ದ.

“ವಾಪಸ್ ತಗೊಂಡ ಮಾತು ಕೇಳಬಾರದು. ಆದರೂ ಕೇಳ್ತೀನಿ. ಅವತ್ತು ಏನು ಹೇಳೋಕೆ ಬಂದಿದ್ರಿ?”

ಅವಳು ಲಕೋಟೆಯನ್ನು ಎತ್ತಿ ಆ ಬದಿಗಿಟ್ಟಳು. ಗನ್ನಿನ ಹಿಡಿಯಿಂದ ಜಡ್ಡುಗಟ್ಟಿದ ಅವನ ಅಂಗೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. ಇಷ್ಟು ದಿನ ಗಾಜು ಕೊಡುವಾಗ, ತೆಗೆದುಕೊಳ್ಳುವಾಗ ಬೆರಳ ತುದಿ ತಾಗಿತ್ತು, ಅಷ್ಟೇ.

“ಒಪ್ಕೊಳ್ಳೋಕೆ ಬಂದಿದ್ದೆ.”

ಅವನ ಬೆರಳುಗಳು ಅವಳ ಕೈಯನ್ನು ಬಿಗಿಯಾಗಿ ಹಿಡಿದವು.

“ಇಷ್ಟು ಸಾಕು ನನಗೆ. ಇದನ್ನೇ ಇಟ್ಕೊಂಡು ಇರ್ತೀನಿ,” ಎಂದ. “ನೀವಿನ್ನು ಮನೆಗೆ ಹೋಗಿ.”

“ಆಯ್ತು,” ಎಂದಳು ಅವಳು.

ಮನೆಗೆ ಬಂದಾಗ ಮಧ್ಯಾಹ್ನ. ಅತ್ತೆ ಅಡುಗೆಮನೆಯಿಂದ ಇಣುಕಿದಳು. “ಏನು ಇವತ್ತು, ಕೆಲಸ ಇಲ್ವಾ?”

“ಅರ್ಧ ದಿನ ರಜಾ.”

ಮುಂದಿನ ಕೋಣೆಯ ಕಿಟಕಿ ತೆರೆದಳು. ಬಿಸಿಲು ಬಂತು, ಅದರ ಹಿಂದೆ ಗಾಳಿಯೂ ಬಂತು. ಕಿಟಕಿಯ ಕೆಳಗೆ ವರ್ಷಗಳಿಂದ ಕದಲಿಸದ ಸೋಫಾ. ಒಂದು ತುದಿ ಹಿಡಿದು ಎಳೆದಳು, ಇನ್ನೊಂದು ತುದಿ ಎಳೆದಳು. ಹಿಂದಿನ ಗೋಡೆಯಲ್ಲಿ, ನೆಲದಿಂದ ಎರಡು ಗೇಣು ಮೇಲೆ, ಜೇಡರ ಬಲೆ ಕಟ್ಟಿದ ಪ್ಲಗ್ ಪಾಯಿಂಟು. ಬಲೆ ತೆಗೆದು, ಚೀಲದಿಂದ ಚಾರ್ಜರ್ ತಂದು ಚುಚ್ಚಿ, ಫೋನು ಸಿಕ್ಕಿಸಿದಳು.

“ಅಲ್ಲೇನು ಮಾಡ್ತಿದ್ದೀಯೇ?” ಅತ್ತೆ ಬಾಗಿಲಿಗೆ ಬಂದು ನಿಂತಳು.

“ಇಲ್ಲಿ ಕರೆಂಟ್ ಬರುತ್ತಾ ಅಂತ ನೋಡಿದೆ.”

“ಬಂತಾ?”

“ಬಂತು.”

ಅತ್ತೆ ತೆರೆದ ಕಿಟಕಿ ನೋಡಿದಳು, ಎಳೆದ ಸೋಫಾ ನೋಡಿದಳು, ಸೊಸೆಯ ಮುಖ ನೋಡಿದಳು. “ಊಟಕ್ಕೆ ಬಾ,” ಎಂದು ಒಳಗೆ ಹೋದಳು.

“ಬಂದೆ ಅತ್ತೆ.”

ಅವಳು ಕಿಟಕಿಯಿಂದ ಗೋಡೆಯವರೆಗೆ ಹೆಜ್ಜೆಗೆ ಹೆಜ್ಜೆ ಕೂಡಿಸಿ ಅಳೆದಳು. ಒಂದು ಮಂಚ ಹಿಡಿಯುತ್ತಿತ್ತು, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗವೂ ಉಳಿಯುತ್ತಿತ್ತು. ಸೋಫಾವನ್ನು ಹಿಂದಕ್ಕೆ ತಳ್ಳದೆ, ಕೈ ತೊಳೆಯಲು ಹೋದಳು.