ಒಂಬತ್ತನೆಯ ನೋಟ್‌ಬುಕ್ಕು

ಒಂಬತ್ತನೆಯ ನೋಟ್‌ಬುಕ್ಕು ತೆಗೆಯಲು ವೆಂಕಟರತ್ನಮ್ಮ ಚೀಲಕ್ಕೆ ಕೈ ಹಾಕಿದರು. ಕೈಗೆ ಬಂದದ್ದು ಒಂದು ಚೀಟಿ.

“ಈ ಪುಸ್ತಕ ಹಾಗೋದಿಲ್ಲ. ಇಲ್ಲಿಗೆ ಬಿಟ್ಟುಬಿಡಿ” ಎಂದು ಅದರಲ್ಲಿ ಯಾರ ಕೈಬರಹವೆಂದು ತಿಳಿಯದಂಥ ದಪ್ಪ ಅಕ್ಷರಗಳಲ್ಲಿ ಬರೆದಿತ್ತು.

ಬಂಗಾರಪೇಟೆಯ ಹಳೆಯ ಪ್ರೆಸ್ಸಿನ ಮಹಡಿಯಲ್ಲಿ ಪ್ರತಿ ಭಾನುವಾರ ಬರೆಯುವವರ ಕೂಟ ಸೇರುತ್ತಿತ್ತು. ಅದನ್ನು ಕಟ್ಟಿದ ಶ್ರೀರಾಮಪ್ಪನವರು ಅದೇ ಪ್ರೆಸ್ಸಿನಲ್ಲಿ ನಲವತ್ತು ವರ್ಷ ಕರಡು ತಿದ್ದಿ ನಿವೃತ್ತರಾದವರು. ಊರಿನಲ್ಲಿ ಏನು ಕಳೆದರೂ, ಯಾರ ಸಹಿಯನ್ನು ಯಾರು ಹಾಕಿದರೂ ಜನ ಮೊದಲು ತಟ್ಟುವುದು ಅವರ ಬಾಗಿಲನ್ನೇ. ಪೊಲೀಸರ ಸರದಿ ಆಮೇಲೆ. ಕೆಳಗೆ ಡಿಟಿಪಿ ಅಂಗಡಿ ಇಟ್ಟಿದ್ದ ಮುನೇಶನಿಗಂತೂ ಅವರೆಂದರೆ ಪ್ರಾಣ. ಅವರ ಹಿಂದೆ ತಿರುಗಿ ಅವನ ಅರ್ಧ ವ್ಯಾಪಾರ ಕೆಟ್ಟಿತ್ತು, ಅವನಿಗೆ ಎಳ್ಳಷ್ಟೂ ಬೇಸರವಿರಲಿಲ್ಲ.

ರತ್ನಮ್ಮನ ಮೇಲೂ ಅವನಿಗೆ ಕಡಿಮೆ ಅಭಿಮಾನವಿರಲಿಲ್ಲ. ಕ್ಯಾಸಂಬಳ್ಳಿ ಕಡೆಯ ಹಳ್ಳಿಯವರು, ನಾಲ್ಕು ಸೀಮೆಹಸು ಕಟ್ಟಿದವರು, ಓದಿದ್ದು ಏಳನೇ ಕ್ಲಾಸು. ಬೆಳಗ್ಗೆ ಹಾಲು ಕರೆದ ಮೇಲೆ ದಿನಕ್ಕೊಂದು ಪುಟದಂತೆ ತಮ್ಮ ಹಸು ಸಾಕಿದ ಬದುಕನ್ನೆಲ್ಲ ಬರೆದು, ಒಂದೂವರೆ ವರ್ಷದಲ್ಲಿ ಒಂಬತ್ತು ನೋಟ್‌ಬುಕ್ಕು ತುಂಬಿಸಿದ್ದರು. ಮುನೇಶನೂ ಮೂರು ಕಾದಂಬರಿ ಶುರು ಮಾಡಿದ್ದ. ಒಂದೂ ನಲವತ್ತನೇ ಪುಟ ದಾಟಿರಲಿಲ್ಲ.

ಮೊದಲ ಎಂಟು ನೋಟ್‌ಬುಕ್ಕು ಟೈಪ್ ಮಾಡಿದವನು ಅವನೇ. ಅಕ್ಕಿ ಎಂದು ಬರೆಯುವಲ್ಲಿ ರತ್ನಮ್ಮ “ಹಕ್ಕಿ ತೊಳೆದು ಒಲೆ ಮೇಲಿಟ್ಟೆ” ಎಂದು ಬರೆದಿದ್ದರು. ಹೋದ ಭಾನುವಾರ ಆ ಸಾಲನ್ನು ಅವನು ಗಟ್ಟಿಯಾಗಿ ಓದಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ರತ್ನಮ್ಮನೂ ಸೆರಗು ಅಡ್ಡ ಹಿಡಿದು ನಕ್ಕಿದ್ದರು. ಈಗ ಕಳೆದ ಒಂಬತ್ತನೆಯದರಲ್ಲಿ ಇದ್ದದ್ದು ಕೊನೆಯ ಅಧ್ಯಾಯ. ಸೋಮವಾರದೊಳಗೆ ಪೂರ್ತಿ ಬಂದರೆ ಮಾತ್ರ ಅಚ್ಚು ಹಾಕಿಸುತ್ತೇವೆ ಎಂದು ಬೆಂಗಳೂರಿನ ಪ್ರಕಾಶಕರು ಹೇಳಿದ್ದರು. ನಾಳೆಯೇ ಸೋಮವಾರ.

ಈ ಮೂವರನ್ನು ಬಿಟ್ಟರೆ ಕೋಣೆಯಲ್ಲಿ ಇದ್ದವರು ಇಬ್ಬರೇ. ಒಬ್ಬರು ಹೈಸ್ಕೂಲಿನ ಕನ್ನಡ ಮೇಡಂ ಕಲ್ಪನ. ಇನ್ನೊಬ್ಬ ಚಿನ್ನದ ಗಣಿಯೂರಾದ ಚಾಂಪಿಯನ್ ರೀಫ್ಸಿನ ವಿಜಯಕುಮಾರ್. ಮನೆಮಾತು ತಮಿಳಾದರೂ ಗಣಿಯಲ್ಲಿ ದುಡಿದ ತಂದೆಯ ಕತೆಯನ್ನು ಅವನು ಹಟ ಹಿಡಿದು ಕನ್ನಡದಲ್ಲೇ ಬರೆಯುತ್ತಿದ್ದ. ತನ್ನದನ್ನೇ ಮೊದಲು ಕಳಿಸಬೇಕಿತ್ತು ಎಂದು ಅವನು ಗೊಣಗಿದ್ದು ಎಲ್ಲರಿಗೂ ಗೊತ್ತು. ಮುನೇಶನ ಕಣ್ಣು ನೇರವಾಗಿ ಅವನ ಮೇಲೆ ಹೋಯಿತು.

“ಏನ್ ಮುನೇಶ್, ಅಂಗ್ ನೋಡ್ತೀಯ? ಸತ್ಯಮಾ ನಾನಲ್ಲಪ್ಪಾ!” ಎಂದು ವಿಜಯಕುಮಾರ್ ತನ್ನ ಚೀಲವನ್ನೇ ಮೇಜಿನ ಮೇಲೆ ಸುರಿದ. ಕಲ್ಪನ ಕೂಡ ತಮ್ಮ ಚೀಲ ತೋರಿಸಿದರು. ಬೀರು, ಬೆಂಚು, ಕಾಗದದ ರಾಶಿ ಎಲ್ಲ ತಡಕಿದ್ದಾಯಿತು.

“ಬಿಡ್ರಪ್ಪ, ಓದ್ರೆ ಓಯ್ತು. ನಮ್ಮಂತೋರ್ಗೆ ಪುಸ್ತಕ ಎಲ್ಲಿ ಒಪ್ತದೆ,” ಎಂದರು ರತ್ನಮ್ಮ.

ಶ್ರೀರಾಮಪ್ಪನವರು ಚೀಟಿಯಿಂದ ಕಣ್ಣೆತ್ತದೆ ಕೇಳಿದರು. “ನೋಟ್‌ಬುಕ್ಕು ಕೊನೇ ಸಲ ನೋಡಿದ್ದು ಯಾರು?”

“ಬಂದ ತಕ್ಷಣ ಅಕ್ಕ ನಂಗೇ ತೋರ್ಸಿದ್ರಣ್ಣ,” ಎಂದ ಮುನೇಶ. “ಆಮೇಲೆ ಟೀ ಕುಡ್ದು ಬತ್ತೀನಿ ಅಂತ ಕೆಳಕ್ಕೆ ಓದ್ರು. ಚೀಲ, ಪರ್ಸು ಕುರ್ಚಿ ಮೇಲೇ ಇತ್ತು. ಓಟ್ಲಿಗೆ ಆಕಿ ಬಂದಿದ್ದ ಆಲಿನ ಕ್ಯಾನು ಬಾಗ್ಲಿಗೆ ಅಡ್ಡ ಇತ್ತು. ಸರಿಸೋಣ ಅಂದ್ರೆ, ‘ಬಿಡು, ನಾನೇ ಎತ್ಕೊಂತೀನಿ’ ಅಂತ ಅದನ್ನೂ ತಕೊಂಡೋದ್ರು. ಆಗ ನಾವೆಲ್ಲಾ ಇಲ್ಲೇ ಓಡಾಡ್ತಿದ್ವಿ. ಚೀಲಕ್ಕೆ ಯಾರಾದ್ರೂ ಕೈ ಆಕ್ಬೋದಿತ್ತು.”

“ಎಲ್ಲರೂ ಕೂತ್ಕೊಳ್ಳಿ,” ಎಂದರು ಶ್ರೀರಾಮಪ್ಪನವರು. ಆ ದನಿ ಬಂತೆಂದರೆ ಗಂಟು ಬಿಚ್ಚಿತೆಂದೇ ಲೆಕ್ಕ.

“ಚೀಟೀಲಿ ‘ಆಗೋದಿಲ್ಲ’ ಅನ್ನೋದು ‘ಹಾಗೋದಿಲ್ಲ’ ಆಗಿದೆ. ಕಲ್ಪನ ಮೇಡಂ ನಿದ್ದೆಗಣ್ಣಲ್ಲೂ ಹೀಗೆ ಬರೆಯಲ್ಲ. ವಿಜಯಕುಮಾರ ತಪ್ಪು ಮಾಡ್ತಾನೆ, ಆದ್ರೆ ಅವನ ತಪ್ಪೇ ಬೇರೆ. ಕ ಇರೋ ಕಡೆ ಗ ಬರೀತಾನೆ, ‘ಪುಸ್ತಗ’ ಅಂತಾನೆ. ಇಲ್ಲಿ ಪುಸ್ತಕ ಸರಿಯಾಗೇ ಇದೆ. ನಮ್ಮ ಕಡೆ ಮಾತಲ್ಲಿ ಹ ನುಂಗಿಬಿಡ್ತೀವಿ. ನುಂಗಿದ್ದು ಗೊತ್ತಿರೋದ್ರಿಂದ ಬರೆಯೋವಾಗ ಹೆದರಿ, ಬೇಡದ ಕಡೆಗೂ ಒಂದು ಹ ಹಾಕ್ತೀವಿ.”

“ಹಕ್ಕಿ!” ಎಂದು ಕಲ್ಪನ ಬಾಯಿಗೆ ಕೈ ಅಡ್ಡ ಹಿಡಿದರು.

“ಇನ್ನೊಂದು. ಪರ್ಸು ಕುರ್ಚಿ ಮೇಲೆ ಬಿಟ್ಟು, ಖಾಲಿ ಕ್ಯಾನು ಜೋಪಾನವಾಗಿ ಎತ್ಕೊಂಡು ಟೀಗೆ ಹೋಗೋರು ಯಾರಾದ್ರೂ ಇದ್ದಾರಾ? ನಾವು ನಾಲ್ಕು ಜನ ಹುಡುಕಿದ್ವಿ, ಕಳಕೊಂಡೋರು ಮಾತ್ರ ಕೂತಲ್ಲಿಂದ ಏಳಲಿಲ್ಲ. ರತ್ನಮ್ಮಾ, ಆ ಕ್ಯಾನು ಇತ್ಲಾಗೆ ಕೊಡು ತಾಯಿ.”

ಮುಚ್ಚಳ ತೆಗೆದರೆ ಒಳಗೆ ಪ್ಲಾಸ್ಟಿಕ್ ಕವರಿನಲ್ಲಿ ಸುರುಳಿ ಸುತ್ತಿದ ನೋಟ್‌ಬುಕ್ಕು.

“ಬರಿಯೋವಾಗ ಎದರಿಕೆ ಇರ್ಲಿಲ್ಲಣ್ಣ,” ಎಂದರು ರತ್ನಮ್ಮ, ತಲೆ ತಗ್ಗಿಸಿ. “ಇಲ್ಲಿ ನಾಕು ಜನ ನಕ್ಕಿದ್ಕೇ ನಂಗೆ ಅಂಗಾಯ್ತು. ಅಚ್ಚಾದ್ರೆ ಊರೇ ನಗ್ತದೆ. ಕೊಡಲ್ಲ ಅಂದ್ರೆ ನೀವು ಬಿಡಲ್ಲ. ಕಳುವಾಯ್ತು ಅಂದ್ರೆ ಸುಮ್ನಾಯ್ತೀರ ಅಂತ ಮನೇಲೇ ಚೀಟಿ ಬರ್ಕೊಂಡು ಬಂದೆ. ಮುನೇಶಂಗೆ ತೋರ್ಸಿದ್ಮೇಲೆ ಯಾರೂ ನೋಡ್ದಂಗೆ ಬುಕ್ಕು ಕ್ಯಾನಿಗೆ ಆಕ್ದೆ.”

“ಕದ್ದೋರು ಸಿಕ್ಕರು. ಕದಿಯೋ ಹಾಗೆ ಮಾಡಿದೋನು ಬಾಕಿ ಇದಾನೆ,” ಎಂದು ಶ್ರೀರಾಮಪ್ಪನವರು ತಿರುಗಿದರು. “ಲೇ ಮುನೇಶ, ಈಗ ತಾನೆ ‘ಆಲಿನ ಕ್ಯಾನು’ ಅಂದೆಯಲ್ಲ, ಯಾರಾದ್ರೂ ನಕ್ಕರೇನ್ಲಾ? ನೀನು ಬಾಯಲ್ಲಿ ಬಿಟ್ಟ ಹಕಾರಾನೇ ಆಯಮ್ಮ ಪೆನ್ನಲ್ಲಿ ಹಾಕಿದ್ದು.”

ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಮುನೇಶನಿಗೆ.

“ಎಲ್ಲರೂ ಕೇಳಿ. ತಪ್ಪು ತಿದ್ದೋಕೆ ನನ್ನಂಥೋರು ಇದೀವಿ. ಬರೆಯೋರು ಹಾಲು ಕರೆಯೋ ಹಾಗೆ ಬರೀಬೇಕು. ಮನಸ್ಸು ಬಂದಾಗ ಅಲ್ಲ, ಹೊತ್ತಿಗೆ ಸರಿಯಾಗಿ. ಇದನ್ನ ನನಗೆ ಕಲಿಸಿದ್ದೇ ರತ್ನಮ್ಮ. ನೂರಾರು ಪುಸ್ತಕ ತಿದ್ದಿದೀನಿ, ನನ್ನದು ಅಂತ ಒಂದು ಬರೆಯೋಕೆ ಆಗಲಿಲ್ಲ. ಎಲ್ಲಿ ತಪ್ಪು ಸಿಕ್ಕುತ್ತೋ ಅನ್ನೋ ಭಯ. ಮುಗಿಸೋದು ಅರ್ಧ ಕೆಲಸ, ಕೈಯಿಂದ ಆಚೆ ಕೊಡೋದು ಇನ್ನರ್ಧ. ಅದನ್ನ ಇವತ್ತು ಮಾಡಿಬಿಡು ತಾಯಿ.” ಅಷ್ಟು ವರ್ಷ ಜೊತೆಗಿದ್ದೂ ಮುನೇಶ ಅವರ ಬಾಯಲ್ಲಿ ಈ ಮಾತು ಕೇಳಿರಲಿಲ್ಲ.

“ತಪ್ಪಾಯ್ತಕ್ಕ,” ಎಂದು ಅವನು ನೋಟ್‌ಬುಕ್ಕನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. “ಕೆಳಕ್ಕೆ ಬಾ. ನೀನು ಓದು, ನಾನು ಟೈಪ್ ಮಾಡ್ತೀನಿ.”

ಸಂಜೆ ಊರಿಗೆ ಮಾರಿಕುಪ್ಪಂ ರೈಲುಗಾಡಿ ಹಿಡಿಯಬೇಕಿದ್ದ ವಿಜಯಕುಮಾರನೂ ಹೋಗದೆ ಅಂಗಡಿಯಲ್ಲೇ ನಿಂತಿದ್ದ. ಕೊನೆಯ ಸಾಲಿಗೆ ಬಂದಾಗ ರತ್ನಮ್ಮ ತಡವರಿಸಿದರು. ಮುನೇಶ ಬಗ್ಗಿ ನೋಡಿದ. “ಇಲ್ಲಿಗೆ ಪುಸ್ತಕ ಹಾಯಿತು” ಎಂದಿತ್ತು.

“ಆಯಿತು ಅಂತ ತಿದ್ದಪ್ಪ. ಕೊಂಬಲ್ಲಿ ಆಯೋದು ಎತ್ತು, ಪುಸ್ತಕ ಅಲ್ಲ,” ಎಂದರು ರತ್ನಮ್ಮ ನಾಚಿಕೊಂಡು.

“ಬ್ಯಾಡಕ್ಕ. ಈ ಪುಸ್ತಕಾನೂ ಕೊಂಬಲ್ಲೇ ಆಯ್ದೈತೆ, ನಂಗೆ ಎದೇಗೇ ತಗುಲ್ತು.” ಮುನೇಶ ಶ್ರೀರಾಮಪ್ಪನವರ ಮುಖ ನೋಡಿದ.

ಅವರು ಜೇಬಿಗೆ ಹೋಗಿದ್ದ ಕೈಯನ್ನು ಪೆನ್ನಿಲ್ಲದೆ ಹೊರಗೆ ತೆಗೆದರು. “ಈ ಹ ಇರಲಿ ಬಿಡು,” ಎಂದರು.

ಮುನೇಶ ಕುರ್ಚಿ ಬಿಟ್ಟು ಎದ್ದ. ಪ್ರಕಾಶಕರಿಗೆ ಕಳಿಸುವ ಬಟನ್ ಒತ್ತಿದ್ದು ರತ್ನಮ್ಮನ ಬೆರಳು.